ಹಳೆಯ ಲ್ಯಾಪ್‌ಟಾಪಿನಲ್ಲಿ ಮನೆ ಸರ್ವರ್

ಮನೆ ಸರ್ವರ್ ಎಂಬುದು ಕಡತ, ಛಾಯಾಚಿತ್ರ, ಸಂಗೀತ, ಪುಸ್ತಕ ಮೊದಲಾದವುಗಳನ್ನು ಮನೆಯಲ್ಲಿಯೇ ಸಂಗ್ರಹಿಸಿ, ಅಲ್ಲಿನ ಮೊಬೈಲ್ ಹಾಗೂ ಕಂಪ್ಯೂಟರುಗಳಿಗೆ ಒದಗಿಸುವ ಯಂತ್ರ. ಇಂತಹ ಸೇವೆಗಳನ್ನು ಕಂಪನಿಗಳ ದತ್ತಾಂಶ ಕೇಂದ್ರಗಳಿಂದ ಪಡೆಯದೆ ಸ್ವಂತ ಯಂತ್ರದಲ್ಲಿ ನಡೆಸುವುದನ್ನು ಸೆಲ್ಫ್ ಹೋಸ್ಟಿಂಗ್ ಎನ್ನುತ್ತಾರೆ. ಬಳಕೆಯಿಂದ ಹೊರಗುಳಿದ ಲ್ಯಾಪ್‌ಟಾಪ್ ಇದಕ್ಕೆ ಸಾಕಾಗುತ್ತದೆ. ವಿದ್ಯುತ್ತು ಮತ್ತು ಅಂತರಜಾಲ ಪದೇಪದೇ ಕೈಕೊಡುವ ಮಲೆನಾಡಿನಂತಹ ಪ್ರದೇಶಗಳಲ್ಲಿ ಇದರ ಉಪಯೋಗವೂ ಇದಕ್ಕೆ ಬೇಕಾದ ಎಚ್ಚರಿಕೆಯೂ ಹೆಚ್ಚು.

## ಹಿನ್ನೆಲೆ

ಜಗತ್ತಿನ ಮೊದಲ ವೆಬ್ ಸರ್ವರ್ 1990ರಲ್ಲಿ ಜಿನೀವಾ ಬಳಿಯ ಸರ್ನ್ ಸಂಸ್ಥೆಯಲ್ಲಿ ಟಿಮ್ ಬರ್ನರ್ಸ್-ಲೀ ಅವರು ಬಳಸುತ್ತಿದ್ದ ಮೇಜಿನ ಕಂಪ್ಯೂಟರೇ ಆಗಿತ್ತು. ಸರ್ವರ್ ಎಂಬುದು ವಿಶೇಷ ಯಂತ್ರದ ಹೆಸರಲ್ಲ, ಯಂತ್ರವೊಂದು ಮಾಡುವ ಕೆಲಸದ ಹೆಸರು. ಮುಂದೆ ಈ ಕೆಲಸವು ಬಹುಪಾಲು ದೊಡ್ಡ ದತ್ತಾಂಶ ಕೇಂದ್ರಗಳಿಗೆ ವರ್ಗವಾಯಿತು. ಜನರ ಮಾಹಿತಿ ಅವರ ಮನೆಯಲ್ಲೇ ಇರಬೇಕೆಂಬ ಆಶಯದಿಂದ ಎಬೆನ್ ಮೊಗ್ಲೆನ್ 2010ರಲ್ಲಿ ಫ್ರೀಡಂಬಾಕ್ಸ್ ಯೋಜನೆಯ ಕಲ್ಪನೆಯನ್ನು ಮುಂದಿಟ್ಟರು.

ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ಕೊನೆಗೊಳಿಸಿತು. ಹೊಸ ಆವೃತ್ತಿಗೆ ಹೊಂದದ, ಆದರೆ ಸುಸ್ಥಿತಿಯಲ್ಲಿರುವ ಲ್ಯಾಪ್‌ಟಾಪುಗಳನ್ನು ಲಿನಕ್ಸ್ ಹಾಕಿ ಮುಂದುವರಿಸಿದರೆ ಇ-ತ್ಯಾಜ್ಯವೂ ತಗ್ಗುತ್ತದೆ.

## ಯಂತ್ರದ ಆಯ್ಕೆ

64 ಬಿಟ್ ಪ್ರೊಸೆಸರ್, 4 ಜಿಬಿ ರ‍್ಯಾಮ್ ಹಾಗೂ ಎಸ್‌ಎಸ್‌ಡಿ ಇರುವ ಲ್ಯಾಪ್‌ಟಾಪ್ ಸಣ್ಣ ಕುಟುಂಬದ ಸಾಮಾನ್ಯ ಬಳಕೆಗೆ ಸಾಕು. ಕೀಲಿಮಣೆ ಮತ್ತು ಪರದೆ ಜೊತೆಗೇ ಇರುವುದರಿಂದ ದುರಸ್ತಿಯ ವೇಳೆ ಬೇರೆ ಮಾನಿಟರ್ ಬೇಕಾಗದು. ಹೆಚ್ಚಿನ ಕೆಲಸವಿಲ್ಲದಾಗ ಲ್ಯಾಪ್‌ಟಾಪ್ ಸಾಮಾನ್ಯವಾಗಿ 10ರಿಂದ 20 ವ್ಯಾಟ್ ವಿದ್ಯುತ್ ಬಳಸುತ್ತದೆ. ಸರಾಸರಿ 15 ವ್ಯಾಟ್ ಎಂದಿಟ್ಟುಕೊಂಡರೆ, ಹಗಲಿರುಳು ನಡೆದರೂ 30 ದಿನಗಳಿಗೆ ಆಗುವ ಖರ್ಚು 10.8 ಯೂನಿಟ್.

ಬ್ಯಾಟರಿಯು ಯುಪಿಎಸ್‌ನಂತೆ ಕೆಲಸ ಮಾಡುತ್ತದೆ. ಆದರೆ ಸದಾ ಪೂರ್ಣ ಚಾರ್ಜಿನಲ್ಲಿ, ಬಿಸಿಯಲ್ಲಿ ಇರುವ ಲಿಥಿಯಂ-ಅಯಾನ್ ಬ್ಯಾಟರಿ ಬೇಗ ಸವೆಯುತ್ತದೆ. ಅನೇಕ ಲ್ಯಾಪ್‌ಟಾಪುಗಳಲ್ಲಿ ಚಾರ್ಜನ್ನು 60ರಿಂದ 80 ಶೇಕಡಕ್ಕೆ ಮಿತಿಗೊಳಿಸಬಹುದು. ಬ್ಯಾಟರಿ ಊದಿಕೊಂಡಿದ್ದರೆ, ಅಂದರೆ ಟಚ್‌ಪ್ಯಾಡ್ ಅಥವಾ ತಳಭಾಗ ಉಬ್ಬಿದ್ದರೆ, ಯಂತ್ರದ ಬಳಕೆಯನ್ನು ತಕ್ಷಣ ನಿಲ್ಲಿಸಬೇಕು. ಅದನ್ನು ಒತ್ತುವುದಾಗಲಿ ಚುಚ್ಚುವುದಾಗಲಿ ಬೆಂಕಿಗೆ ಕಾರಣವಾಗಬಹುದು.

## ಅನುಸ್ಥಾಪನೆ

ಸಾಮಾನ್ಯವಾಗಿ ಡೆಬಿಯನ್ ಅಥವಾ ಉಬುಂಟು ಸರ್ವರ್ ಆವೃತ್ತಿಯನ್ನು ಹಾಕಲಾಗುತ್ತದೆ. ಡೆಬಿಯನ್ 1993ರಲ್ಲಿ ಆರಂಭವಾದ, ಸ್ವಯಂಸೇವಕರು ರೂಪಿಸುವ ಲಿನಕ್ಸ್ ವಿತರಣೆ. ಮುಖ್ಯ ಹಂತಗಳು ಹೀಗಿವೆ:

1. ಹಳೆಯ ಡಿಸ್ಕಿನಲ್ಲಿರುವ ಮಾಹಿತಿಯನ್ನು ಬೇರೆಡೆಗೆ ನಕಲು ಮಾಡಿಕೊಳ್ಳುವುದು. ಅನುಸ್ಥಾಪನೆಯಲ್ಲಿ ಡಿಸ್ಕ್ ಅಳಿಸಿಹೋಗುತ್ತದೆ.
2. ಪೆನ್‌ಡ್ರೈವಿನಿಂದ ಲ್ಯಾಪ್‌ಟಾಪನ್ನು ಚಾಲೂ ಮಾಡಿ ವ್ಯವಸ್ಥೆಯನ್ನು ಸ್ಥಾಪಿಸುವುದು. ವಿದ್ಯುತ್ ಉಳಿಸಲು ಚಿತ್ರಾತ್ಮಕ ಪರದೆಯನ್ನು ಬಿಡಬಹುದು.
3. ಮುಚ್ಚಳ ಮುಚ್ಚಿದಾಗ ಯಂತ್ರ ನಿದ್ರಾಸ್ಥಿತಿಗೆ ಹೋಗದಂತೆ ಸಂಯೋಜಿಸುವುದು.
4. ವೈಫೈ ಬದಲು ಕೇಬಲ್ ಮೂಲಕ ರೌಟರಿಗೆ ಜೋಡಿಸಿ, ಅದಕ್ಕೆ 192.168.1.10ರಂತಹ ಒಂದೇ ವಿಳಾಸವನ್ನು ಕಾಯ್ದಿರಿಸುವುದು.
5. ಬೇರೆ ಕಂಪ್ಯೂಟರಿನಿಂದ ನಿರ್ವಹಿಸಲು ಎಸ್‌ಎಸ್‌ಎಚ್ ಸ್ಥಾಪಿಸಿ, ಗುಪ್ತಪದದ ಬದಲು ಕೀಲಿಯಿಂದ ಮಾತ್ರ ಪ್ರವೇಶ ನೀಡುವುದು.
6. ಭದ್ರತಾ ಪರಿಷ್ಕರಣೆಗಳು ತಾವಾಗಿಯೇ ಸ್ಥಾಪನೆಯಾಗುವಂತೆ ಮಾಡುವುದು.

ನಂತರ ಅಗತ್ಯಕ್ಕೆ ತಕ್ಕ ಸೇವೆಗಳನ್ನು ಸೇರಿಸಬಹುದು. ಕಡತಗಳಿಗೆ ನೆಕ್ಸ್ಟ್‌ಕ್ಲೌಡ್, ಹಾಡು ಮತ್ತು ದೃಶ್ಯಗಳಿಗೆ ಜೆಲ್ಲಿಫಿನ್, ಸಾಧನಗಳ ನಡುವೆ ಕಡತಗಳನ್ನು ಸರಿಹೊಂದಿಸಲು ಸಿಂಕ್‌ಥಿಂಗ್ ಬಳಕೆಯಲ್ಲಿವೆ. ಕಿವಿಕ್ಸ್ ಎಂಬ ತಂತ್ರಾಂಶದಲ್ಲಿ ಕನ್ನಡ ವಿಕಿಪೀಡಿಯವನ್ನು ಒಮ್ಮೆ ಇಳಿಸಿಕೊಂಡರೆ ಅಂತರಜಾಲವಿಲ್ಲದೆಯೂ ಓದಬಹುದು.

## ಕನ್ನಡದ ಕಡತನಾಮಗಳು

ಯುನಿಕೋಡ್ ಕನ್ನಡದ ಹೆಸರುಗಳನ್ನು ಕಡತಗಳಿಗೆ ನೇರವಾಗಿ ಇಡಬಹುದು. ಆದರೆ ಲಿನಕ್ಸ್‌ನ ಸಾಮಾನ್ಯ ಕಡತ ವ್ಯವಸ್ಥೆಗಳಲ್ಲಿ ಹೆಸರಿನ ಮಿತಿ 255 ಬೈಟ್. ಯುಟಿಎಫ್-8ರಲ್ಲಿ ಪ್ರತಿ ಕನ್ನಡ ಸಂಕೇತಕ್ಕೆ 3 ಬೈಟ್ ಬೇಕು. ‘ಸ್ತ್ರೀ’ ಎಂಬ ಒಂದೇ ಅಕ್ಷರದಲ್ಲಿ ಆರು ಸಂಕೇತಗಳಿರುವುದರಿಂದ ಅದು 18 ಬೈಟ್ ಹಿಡಿಯುತ್ತದೆ. ಹೀಗಾಗಿ ಪ್ರಸಂಗ, ಕಲಾವಿದರು, ಸ್ಥಳ, ದಿನಾಂಕಗಳನ್ನೆಲ್ಲ ಸೇರಿಸಿ ಯಕ್ಷಗಾನದ ಧ್ವನಿಮುದ್ರಣಕ್ಕೆ ಇಟ್ಟ ಉದ್ದನೆಯ ಹೆಸರು ಮಿತಿಯನ್ನು ಮೀರಬಹುದು. ಅಂತಹ ವಿವರಗಳನ್ನು ಬೇರೆ ಬೇರೆ ಫೋಲ್ಡರುಗಳಿಗೆ ಹಂಚುವುದು ಅನುಕೂಲ.

## ಮನೆಯ ಒಳಗಿನ ಮತ್ತು ಹೊರಗಿನ ಸಂಪರ್ಕ

ಮನೆಯ ಒಳಜಾಲಕ್ಕೆ ಅಂತರಜಾಲ ಬೇಕಾಗಿಲ್ಲ. ಹೊರಗಿನ ಫೈಬರ್ ತುಂಡಾಗಿದ್ದರೂ ರೌಟರ್ ಮತ್ತು ಸರ್ವರ್ ನಡೆಯುತ್ತಿರುವವರೆಗೆ ಮನೆಯವರಿಗೆ ಕಡತಗಳು ಸಿಗುತ್ತವೆ.

ಹೊರ ಊರಿನಿಂದ ಸರ್ವರನ್ನು ತಲುಪುವುದು ಬೇರೆ ಪ್ರಶ್ನೆ. ಐಪಿವಿ4 ಪದ್ಧತಿಯಲ್ಲಿ ಇರುವುದು ಸುಮಾರು 430 ಕೋಟಿ ವಿಳಾಸಗಳು ಮಾತ್ರ. ಆದ್ದರಿಂದ ಅನೇಕ ಸೇವಾದಾರರು ಒಂದೇ ವಿಳಾಸವನ್ನು ಹಲವು ಮನೆಗಳಿಗೆ ಹಂಚುತ್ತಾರೆ. ಆಗ ಹೊರಗಿನಿಂದ ಮನೆಗೆ ನೇರ ದಾರಿ ಇರುವುದಿಲ್ಲ. ಐಪಿವಿ6 ವಿಳಾಸ ಅಥವಾ ವೈರ್‌ಗಾರ್ಡ್ ಆಧಾರಿತ ಖಾಸಗಿ ಸುರಂಗ ಇದಕ್ಕೆ ಪರಿಹಾರ. ನೇರ ವಿಳಾಸ ಇದ್ದರೂ ರೌಟರಿನ ದ್ವಾರಗಳನ್ನು ಎಲ್ಲರಿಗೂ ತೆರೆದಿಡುವುದಕ್ಕಿಂತ ಸುರಂಗವೇ ಸುರಕ್ಷಿತ. ತೆರೆದ ದ್ವಾರಗಳನ್ನು ಸ್ವಯಂಚಾಲಿತ ತಂತ್ರಾಂಶಗಳು ಸದಾ ಹುಡುಕುತ್ತಿರುತ್ತವೆ.

## ಮಲೆನಾಡಿನ ಪರಿಸ್ಥಿತಿ

ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನ ಹುಲಿಕಲ್, ಕುಂದಾಪುರದ ಕಡೆಗೆ ಇಳಿಯುವ ಘಾಟಿಯ ಮೇಲ್ತುದಿಯಲ್ಲಿದೆ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಂತೆ ಇದೂ ರಾಜ್ಯದಲ್ಲಿ ಅತಿ ಹೆಚ್ಚು ಮಳೆ ಬೀಳುವ ಸ್ಥಳಗಳಲ್ಲೊಂದು. ಇದೇ ಘಟ್ಟದ ವಾರಾಹಿ ನೀರಿನಿಂದ ಘಾಟಿಯ ಕೆಳಗಿನ ಹೊಸಂಗಡಿಯ ಭೂಗತ ವಿದ್ಯುದಾಗಾರ 460 ಮೆಗಾವ್ಯಾಟ್ ಸಾಮರ್ಥ್ಯದಲ್ಲಿ ವಿದ್ಯುತ್ ಉತ್ಪಾದಿಸುತ್ತದೆ. ಆದರೂ ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿಯುವುದು ಸುತ್ತಲಿನ ಹಳ್ಳಿಗಳಿಗೆ ಹೊಸತಲ್ಲ. 2020–21ರ ಆನ್‌ಲೈನ್ ತರಗತಿಗಳ ಕಾಲದಲ್ಲಿ ಮಲೆನಾಡಿನ ವಿದ್ಯಾರ್ಥಿಗಳು ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡ ಹತ್ತುತ್ತಿದ್ದರು. ಪಾಠದ ದೃಶ್ಯ, ಪುಸ್ತಕಗಳನ್ನು ಸಂಪರ್ಕ ಸಿಕ್ಕಾಗ ಒಮ್ಮೆ ಇಳಿಸಿ ಎಲ್ಲರಿಗೂ ಹಂಚಬಲ್ಲ ಸರ್ವರ್ ಇಂತಹ ಊರುಗಳ ಮನೆ, ಶಾಲೆ, ಗ್ರಂಥಾಲಯಗಳಿಗೆ ಉಪಯುಕ್ತ. ಆದರೆ ನೇರ ತರಗತಿಗೆ ಇದು ಬದಲಿಯಾಗದು.

ಈ ಪ್ರದೇಶದಲ್ಲಿ ಗಮನಿಸಬೇಕಾದ ಅಂಶಗಳು:

* ಸಿಡಿಲು: ಗುಡುಗು ಕೇಳಿಸುವ ಮೊದಲೇ, ಮೋಡ ಕವಿಯುತ್ತಿದ್ದಂತೆ, ಚಾರ್ಜರ್ ಮತ್ತು ಲೋಹದ ಟೆಲಿಫೋನ್ ತಂತಿಯನ್ನು ಕಳಚಬೇಕು. ಸ್ವಿಚ್ ಆರಿಸುವುದಷ್ಟೇ ಸಾಲದು. ಕಳಚಿದ ಮೇಲೂ ಸರ್ವರ್ ಬ್ಯಾಟರಿಯಲ್ಲಿ ನಡೆಯುತ್ತದೆ.
* ರೌಟರ್: ಲ್ಯಾಪ್‌ಟಾಪಿಗೆ ಬ್ಯಾಟರಿ ಇದ್ದರೂ ರೌಟರಿಗೆ ಇಲ್ಲ. ಅದಕ್ಕೆ ಪ್ರತ್ಯೇಕ ಸಣ್ಣ ಯುಪಿಎಸ್ ಅಥವಾ ಮನೆಯ ಇನ್ವರ್ಟರ್ ಬೇಕು.
* ದೀರ್ಘ ವಿದ್ಯುತ್ ಕಡಿತ: ಚಾರ್ಜ್ ಕನಿಷ್ಠ ಮಟ್ಟಕ್ಕಿಳಿದಾಗ ಯಂತ್ರ ಕ್ರಮಬದ್ಧವಾಗಿ ಮುಚ್ಚಿಕೊಳ್ಳುವಂತೆ ಮಾಡಬೇಕು, ಹಠಾತ್ತಾಗಿ ಆರಿದರೆ ದತ್ತಸಂಚಯಗಳು ಕೆಡಬಹುದು. ಕರೆಂಟು ಬಂದಾಗ ಅನೇಕ ಲ್ಯಾಪ್‌ಟಾಪುಗಳು ತಾವಾಗಿ ಚಾಲೂ ಆಗುವುದಿಲ್ಲ. ಯಾರಾದರೂ ಗುಂಡಿ ಒತ್ತಬೇಕು.
* ತೇವ ಮತ್ತು ಹೊಗೆ: ಯಂತ್ರವನ್ನು ನೆಲದಿಂದ ಎತ್ತರದಲ್ಲಿ, ಗಾಳಿಯಾಡುವಲ್ಲಿ, ಅಡಿಕೆ ಬೇಯಿಸುವ ಒಲೆಯ ಹೊಗೆ ಮತ್ತು ಆವಿಯಿಂದ ದೂರದಲ್ಲಿ ಇರಿಸಬೇಕು.

## ಬ್ಯಾಕಪ್ ಮತ್ತು ಮಿತಿಗಳು

ಕಡತಗಳು ಸ್ವಂತ ಮನೆಯಲ್ಲಿದ್ದರೆ ಅವನ್ನು ಕಾಯುವ ಹೊಣೆಯೂ ಮನೆಯವರದೇ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಸ್ಥಳದಲ್ಲಿ ಎಂಬ 3-2-1 ನಿಯಮ ಇದಕ್ಕೆ ಪ್ರಸಿದ್ಧ. ಸರ್ವರಿಗೆ ಸದಾ ಜೋಡಿಸಿಟ್ಟ ಡಿಸ್ಕ್ ಸಿಡಿಲಿಗೆ ಸರ್ವರಿನೊಂದಿಗೇ ಸುಟ್ಟುಹೋಗಬಹುದು. ನಕಲು ಮುಗಿದ ನಂತರ ಕಳಚಿಟ್ಟ ಡಿಸ್ಕ್ ಹಾಗೂ ಪೇಟೆಯ ಬಂಧುಗಳ ಮನೆಯಲ್ಲಿಟ್ಟ ಇನ್ನೊಂದು ಪ್ರತಿ ಈ ಅಪಾಯವನ್ನು ತಗ್ಗಿಸುತ್ತವೆ. ಬ್ಯಾಕಪ್‌ನಿಂದ ಕೆಲವು ಕಡತಗಳನ್ನು ಆಗಾಗ ಮರಳಿ ತೆರೆದು ಪರೀಕ್ಷಿಸುವುದು ಅವಶ್ಯ.

ಸ್ವಂತ ಇ-ಅಂಚೆ ಸರ್ವರ್ ನಡೆಸುವುದು ಆರಂಭಿಕರಿಗೆ ಸೂಕ್ತವಲ್ಲ; ಮನೆಯ ವಿಳಾಸಗಳಿಂದ ಬರುವ ಅಂಚೆಯನ್ನು ಹಲವು ಸೇವೆಗಳು ತಿರಸ್ಕರಿಸುತ್ತವೆ. ನಿರ್ವಹಣೆ ತಿಳಿದವರು ಮನೆಯಲ್ಲಿ ಒಬ್ಬರೇ ಇದ್ದರೆ ಅವರ ಗೈರುಹಾಜರಿಯಲ್ಲಿ ಸೇವೆಗಳು ನಿಲ್ಲಬಹುದು. ಆದ್ದರಿಂದ ಸರ್ವರನ್ನು ಚಾಲೂ ಮಾಡುವ ಕ್ರಮ, ಬ್ಯಾಕಪ್ ಇರುವ ಜಾಗ ಮತ್ತು ಅಗತ್ಯ ಗುಪ್ತಪದಗಳನ್ನು ಕಾಗದದ ಮೇಲೆ ಬರೆದು, ಮನೆಯ ಮುಖ್ಯ ದಾಖಲೆಗಳ ಜೊತೆ ಇರಿಸುವುದು ಉತ್ತಮ.