ನೀರೊಳಗಿನ ಎಮ್ಮೆಯ ವ್ಯಾಪಾರ

ಸಂಜಯನಗರದ ಅಡ್ಡರಸ್ತೆಗಳಲ್ಲಿ ಇಂದಿಗೂ ಅಲ್ಲೊಂದು ಇಲ್ಲೊಂದು ಮಾರುತಿ 800 ಕಣ್ಣಿಗೆ ಬೀಳುತ್ತದೆ. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಈ ಕಾರಿನ ತಯಾರಿಕೆ 2014ರ ಜನವರಿಯಲ್ಲಿ ನಿಂತಿತು. ತಯಾರಿಕೆ ನಿಂತ ಮಾತ್ರಕ್ಕೆ ಕಾರು ಮೂಲೆ ಸೇರಬೇಕಾಗಿಲ್ಲ. ಆದರೆ ಬಾಗಿಲು ತುಕ್ಕು ಹಿಡಿದರೆ, ಗಾಜು ಒಡೆದರೆ, ಮಾಲೀಕ ಹಳೆಯ ಬಿಡಿಭಾಗ ಹುಡುಕಿಕೊಂಡು ಹೊರಡುವ ಪ್ರಸಂಗ ಬರುತ್ತದೆ.

ಹಿಂದೆ ಈ ಹುಡುಕಾಟವೆಂದರೆ ಮೇಖ್ರಿ ವೃತ್ತ ದಾಟಿ ಶಿವಾಜಿನಗರದ ಗುಜರಿ ಅಂಗಡಿಗಳಿಗೆ ಹೋಗುವುದು. ಕೆಟ್ಟ ಭಾಗವನ್ನು ಚೀಲದಲ್ಲಿ ಒಯ್ದು, ಅಂಗಡಿಯ ಮಾಲಿನ ಪಕ್ಕದಲ್ಲಿಟ್ಟು ಹೋಲಿಸಿ, ಚೌಕಾಸಿ ಮಾಡಿ ತರುವುದು. ಕೂಡದಿದ್ದರೆ ಮರುದಿನ ಜಗಳಕ್ಕಾದರೂ ಅಂಗಡಿಯವನು ಅಲ್ಲೇ ಸಿಗುತ್ತಿದ್ದ. ಈಗ ಅದೇ ಮಾಲು ಫೋನಿನಲ್ಲಿ ಚಿತ್ರವಾಗಿ ಕಾಣುತ್ತದೆ, ಕೈಗೆ ಸಿಗುವುದಿಲ್ಲ.

ತೊಡಕು ಇಲ್ಲಿಂದಲೇ ಶುರು. 1986ರಲ್ಲಿ ಮಾರುತಿ 800ರ ಮೈಕಟ್ಟೇ ಬದಲಾಯಿತು. ಅದಕ್ಕೂ ಹಿಂದಿನ ಕಾರಿನ ಬಾಗಿಲು ನಂತರದ್ದಕ್ಕೆ ಕೂಡದು. ಜಾಹೀರಾತಿನಲ್ಲಿ ಮಾತ್ರ ಎರಡಕ್ಕೂ ಒಂದೇ ಹೆಸರು: 'ಮಾರುತಿ 800 ಬಾಗಿಲು'. ಇನ್ನು ಡೈನಮೋ, ಪಂಪುಗಳ ಒಳಗಿನ ಸವೆತವನ್ನು ಯಾವ ಚಿತ್ರವೂ ತೋರಿಸದು.

ಇದರ ಪರಿಣಾಮವನ್ನು ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಷ್ಟು ಹಿಂದೆಯೇ ಹಳೆಯ ಕಾರುಗಳ ಪೇಟೆಯನ್ನು ಉದಾಹರಿಸಿ ವಿವರಿಸಿದರು. ಮಾಲಿನ ಗುಣ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಮೋಸವಾದೀತೆಂದು ಆತ ಕಡಿಮೆ ಬೆಲೆಗೇ ಕೇಳುತ್ತಾನೆ. ಆ ಬೆಲೆಗೆ ಒಳ್ಳೆಯ ಮಾಲಿನವನು ಒಪ್ಪದೆ ಹಿಂದೆ ಸರಿಯುತ್ತಾನೆ. ಕೊನೆಗೆ ಪೇಟೆಯಲ್ಲಿ ಉಳಿಯುವುದು ಕೆಟ್ಟ ಮಾಲೇ. ಇಂಥ ಚಿಂತನೆಗಾಗಿ 2001ರಲ್ಲಿ ಅಕರ್ಲಾಫ್‌ಗೆ ಇನ್ನಿಬ್ಬರೊಂದಿಗೆ ನೊಬೆಲ್ ಬಂತು.

ಮಾರುವವನ ಪಾಡೂ ಸುಖದ್ದಲ್ಲ. ಹತ್ತು ಮಂದಿ ಬೆಲೆ ಕೇಳುತ್ತಾರೆ, ಒಬ್ಬನೂ ಬರುವುದಿಲ್ಲ. ಬರುತ್ತೇನೆಂದವನಲ್ಲಿ ಕೆಲವೊಮ್ಮೆ ವಂಚಕನಿರುತ್ತಾನೆ. 'ಹಣ ಕಳಿಸಿದ್ದೇನೆ, ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ' ಎನ್ನುತ್ತಾನೆ. ಯುಪಿಐಯಲ್ಲಿ ಹಣ ಪಡೆಯಲು ಪಿನ್ ಬೇಕಿಲ್ಲ. ಒತ್ತಿದರೆ ಹಣ ಹೋಗುವುದು ಮಾರುವವನ ಖಾತೆಯಿಂದಲೇ.

ಕಾನೂನಿನ ಆಸರೆಯೂ ಅರ್ಧಂಬರ್ಧ. ಗ್ರಾಹಕ ಸಂರಕ್ಷಣೆಯ 2020ರ ಇ-ಕಾಮರ್ಸ್ ನಿಯಮಗಳು, ವ್ಯಾಪಾರವನ್ನೇ ಕಸುಬಾಗಿಸಿಕೊಳ್ಳದೆ ಮನೆಯ ಹಳೆಯ ವಸ್ತು ಮಾರುವ ಸಾಮಾನ್ಯನಿಗೆ ಅನ್ವಯಿಸುವುದಿಲ್ಲ.

ಆದ್ದರಿಂದ ಮಾರುವವನು ಕಾರಿನ ವರ್ಷ, ಭಾಗದ ಮೇಲಿನ ಸಂಖ್ಯೆ, ಎಡವೋ ಬಲವೋ ಎಂಬುದನ್ನು ಮೊದಲೇ ತಿಳಿಸಿದರೆ ಅರ್ಧ ಜಗಳ ತಪ್ಪುತ್ತದೆ. ಕೊಳ್ಳುವವನು ಮೆಕ್ಯಾನಿಕ್ಕನ್ನು ಕರೆದುಕೊಂಡು ಹೋಗಿ, ಕಣ್ಣಾರೆ ನೋಡಿ ದುಡ್ಡು ಕೊಟ್ಟರೆ ಉಳಿದರ್ಧವೂ ತಪ್ಪೀತು. ನೀರೊಳಗಿನ ಎಮ್ಮೆಗೆ ವ್ಯಾಪಾರ ಕುದುರಿಸಬಾರದೆಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಎಮ್ಮೆ ದಡಕ್ಕೆ ಬಂದ ಮೇಲಷ್ಟೇ ಬೆಲೆಯ ಮಾತು.