ಸಿಎ-125 ಏರಿದರೆ ಕ್ಯಾನ್ಸರೇ ಅಂತಲ್ಲ

ಮನೆಯಲ್ಲಿ ಅಮ್ಮಿಗೋ ಖಾಲಾಗೋ ಹೊಟ್ಟೆ ಉಬ್ಬಿ ನೀರು ತುಂಬಿಕೊಂಡಿದೆ ಅಂತಿಟ್ಟುಕೊಳ್ಳಿ. ರಕ್ತದ ರಿಪೋರ್ಟ್ ಬರುತ್ತದೆ: ಸಿಎ-125, 400. ಪಕ್ಕದಲ್ಲಿ ಸಾಮಾನ್ಯ ಮಿತಿ 35 ಎಂದಿರುತ್ತದೆ. ಮೊಬೈಲಿನಲ್ಲಿ ಹುಡುಕಿದರೆ ಮೊದಲು ಕಾಣುವುದೇ ಅಂಡಾಶಯದ ಕ್ಯಾನ್ಸರ್. ಡಾಕ್ಟರ್ ಬಾಯಿ ತೆರೆಯುವ ಮೊದಲೇ ಮನೆಯಲ್ಲಿ ಅಳು ಶುರುವಾಗುತ್ತೆ.

ಸಿಎ-125 ಒಂದು ಪ್ರೋಟೀನು. ಅದನ್ನು ಕ್ಯಾನ್ಸರ್ ಕಣಗಳಷ್ಟೇ ತಯಾರಿಸುವುದಿಲ್ಲ. ಹೊಟ್ಟೆಯ ಒಳಗೋಡೆಗೆ ಹೊದಿಕೆಯಂತಿರುವ ತೆಳು ಪೊರೆಯೂ ತಯಾರಿಸುತ್ತದೆ. ಆ ಪೊರೆ ಕೆರಳಿದರೂ ರಕ್ತದಲ್ಲಿ ಅಂಕಿ ಏರುತ್ತದೆ. ಮುಟ್ಟಿನ ದಿನಗಳಲ್ಲಿ, ಬಸುರಿನ ಮೊದಲ ತಿಂಗಳುಗಳಲ್ಲಿ, ಲಿವರ್ ಕೆಟ್ಟಾಗಲೂ ಏರುವುದುಂಟು. ನಮ್ಮ ದೇಶದಲ್ಲಿ ಮರೆಯಲೇಬಾರದ ಕಾರಣ ಹೊಟ್ಟೆಯ ಟಿಬಿ. ಹೊಟ್ಟೆಯಲ್ಲಿ ನೀರು, ತೂಕ ಇಳಿಯುವುದು, ಸ್ಕ್ಯಾನಿನಲ್ಲಿ ಗಡ್ಡೆಯಂಥದ್ದು, ನೂರಾರು ದಾಟಿದ ಸಿಎ-125: ಎಲ್ಲವೂ ಕ್ಯಾನ್ಸರಿನ ಹಾಗೇ ಕಾಣುತ್ತದೆ. ಕ್ಯಾನ್ಸರ್ ಎಂದು ಆಪರೇಷನ್ ಮಾಡಿ, ಒಳಗೆ ಟಿಬಿ ಕಂಡ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಎಷ್ಟೋ ಬಂದಿವೆ. ಟಿಬಿಗೆ ಬೇಕಾದದ್ದು ಸಾಮಾನ್ಯವಾಗಿ 6 ತಿಂಗಳ ಮಾತ್ರೆ, ಸರ್ಕಾರಿ ಆಸ್ಪತ್ರೆಯಲ್ಲಿ ಅದು ಪುಕ್ಕಟೆ.

ಹಾಗಂತ ರಿಪೋರ್ಟನ್ನು ಮಡಚಿ ಬೀರುವಿನಲ್ಲಿ ಇಡಬೇಡಿ. ಮುಟ್ಟು ನಿಂತ ಮಹಿಳೆಯಲ್ಲಂತೂ ಏರಿದ ಅಂಕಿಯನ್ನು ಡಾಕ್ಟರುಗಳು ಹೆಚ್ಚು ಗಂಭೀರವಾಗಿ ನೋಡುತ್ತಾರೆ. ಹೊಟ್ಟೆಯ ನೀರನ್ನೇ ಸೂಜಿಯಿಂದ ತೆಗೆದು ಅದರಲ್ಲಿ ಕ್ಯಾನ್ಸರ್ ಕಣ ಇದೆಯಾ ಎಂದು ಹುಡುಕುತ್ತಾರೆ, ಎಡಿಎ ಎಂಬ ಕಿಣ್ವವನ್ನೂ ಅಳೆಯುತ್ತಾರೆ. ಎಡಿಎ ಜಾಸ್ತಿ ಇದ್ದರೆ ಟಿಬಿಯ ಅನುಮಾನ ಬಲವಾಗುತ್ತದೆ. ಇನ್ನೂ ಸ್ಪಷ್ಟವಾಗದಿದ್ದರೆ ಬಯಾಪ್ಸಿ. “ಡಾಕ್ಟ್ರೇ, ಟಿಬಿ ಇರಬಹುದಾ, ನೋಡಿದ್ರಾ?” ಎಂದು ಕೇಳಲು ಸಂಕೋಚ ಬೇಡ.

ಇನ್ನು ಯಾವ ತೊಂದರೆಯೂ ಇಲ್ಲದವರಿಗೆ ಆಫರ್ ಬೆಲೆಯಲ್ಲಿ ಮಾರುವ ‘ಕ್ಯಾನ್ಸರ್ ಪ್ಯಾಕೇಜ್’. ಸಿಎ-125ರ ಮಟ್ಟಿಗೆ ಅದು ದಂಡದ ಖರ್ಚು ಅಂತಲೇ ನನ್ನ ಅಭಿಪ್ರಾಯ. ಅಂಡಾಶಯದ ಕ್ಯಾನ್ಸರಿನ ಮೊದಲ ಹಂತದಲ್ಲಿ ಸುಮಾರು ಅರ್ಧದಷ್ಟು ಮಹಿಳೆಯರಲ್ಲಿ ಈ ಅಂಕಿ ಏರಿರುವುದೇ ಇಲ್ಲ. ಬ್ರಿಟನ್ನಿನಲ್ಲಿ 2 ಲಕ್ಷಕ್ಕೂ ಹೆಚ್ಚು ಮಹಿಳೆಯರನ್ನು ವರ್ಷಗಟ್ಟಲೆ ಗಮನಿಸಿ 2021ರಲ್ಲಿ ಫಲಿತಾಂಶ ಪ್ರಕಟಿಸಿದರು: ಹೀಗೆ ಮೊದಲೇ ತಪಾಸಣೆ ಮಾಡಿದ್ದರಿಂದ ಸಾವುಗಳು ಕಡಿಮೆಯಾಗಲಿಲ್ಲ.

ಈ ಟೆಸ್ಟ್ ನಿಜಕ್ಕೂ ಕೆಲಸಕ್ಕೆ ಬರುವುದು ಕ್ಯಾನ್ಸರ್ ಖಚಿತವಾದ ಮೇಲೆ. ಕೀಮೋ ಶುರುವಾದಾಗ 400 ಇದ್ದದ್ದು 150ಕ್ಕೆ, ಆಮೇಲೆ 30ಕ್ಕೆ ಇಳಿದರೆ ಔಷಧ ನಾಟುತ್ತಿದೆ ಎಂದು ತಿಳಿಯುತ್ತದೆ. ಅದಕ್ಕೇ ಹಳೇ ರಿಪೋರ್ಟುಗಳನ್ನೆಲ್ಲ ತಾರೀಖಿನ ಪ್ರಕಾರ ಒಂದೇ ಫೈಲಿನಲ್ಲಿಟ್ಟು, ಸಾಧ್ಯವಾದರೆ ಪ್ರತಿಸಲ ಒಂದೇ ಲ್ಯಾಬಿನಲ್ಲಿ ಮಾಡಿಸಿ.