ಆದವಾನಿಗೂ ಬರಲಿ ಡೈನೋಸಾರ್ ಬಸ್ಸು

ಬೆಂಗಳೂರಿನ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದಲ್ಲಿ ಅಲುಗಾಡುತ್ತ ಗರ್ಜಿಸುವ ಡೈನೋಸಾರ್ ಇದೆ. ನಿಜವಾದ ಎಲುಬು ನೋಡಬೇಕಾದರೆ ಹೈದರಾಬಾದಿನ ಬಿರ್ಲಾ ವಿಜ್ಞಾನ ಕೇಂದ್ರಕ್ಕೆ ಹೋಗಬೇಕು. ಆದವಾನಿ, ಆಲೂರು, ಕೌತಾಳಂ ಕಡೆಯ ಕೂಲಿಕಾರರ ಮಕ್ಕಳಿಗೆ ಎರಡೂ ದೂರವೇ. ಬಸ್ ಚಾರ್ಜು, ಊಟ, ವಸತಿ ಅಂದ್ರೆ ಒಂದು ವಾರದ ಕೂಲಿ ಹೋದ ಹಾಗೆ.

ಮಕ್ಕಳು ಮ್ಯೂಸಿಯಂಗೆ ಹೋಗಲಾಗದಿದ್ದರೆ ಮ್ಯೂಸಿಯಮ್ಮೇ ಮಕ್ಕಳ ಹತ್ತಿರ ಬರಬೇಕು. ಇದು ಹೊಸ ಮಾತಲ್ಲ. 1965ರಲ್ಲೇ ಕೊಲ್ಕತ್ತದ ಬಿರ್ಲಾ ವಸ್ತುಸಂಗ್ರಹಾಲಯ ವಿಜ್ಞಾನದ ಮಾದರಿಗಳನ್ನು ವಾಹನಕ್ಕೆ ಹೇರಿ ಹಳ್ಳಿ ಶಾಲೆಗಳಿಗೆ ಕಳಿಸಿತು. ಈಗ ಇಂಥ ಬಸ್ಸುಗಳು ದೇಶದ ಬೇರೆ ಬೇರೆ ಕಡೆ ಓಡಾಡುತ್ತವೆ. ಹುಡುಗರು ತಾವೇ ಗುಂಡಿ ಒತ್ತಿ, ಹಿಡಿಕೆ ತಿರುಗಿಸಿ ಕಲಿಯುತ್ತಾರೆ.

ಅಲುಗಾಡುವ ಡೈನೋಸಾರಿನ ಗುಟ್ಟೂ ಸರಳ. ಒಳಗೆ ಕಬ್ಬಿಣದ ಚೌಕಟ್ಟು, ಮೇಲೆ ಸ್ಪಂಜು, ಅದರ ಮೇಲೆ ರಬ್ಬರಿನಂಥ ಚರ್ಮ. ಮೋಟಾರೋ ಗಾಳಿಯ ಒತ್ತಡವೋ ಕತ್ತು ತಿರುಗಿಸುತ್ತದೆ. ಗರ್ಜನೆ ಮಾತ್ರ ಊಹೆ. ಆ ಸದ್ದು ಕೇಳಿದ ಮನುಷ್ಯ ಯಾರೂ ಇಲ್ಲ.

ನಮ್ಮ ಬೆಟ್ಟದಲ್ಲಿ ಸಿಗುತ್ತಾ?

ಸಿಗಲ್ಲ. ಆದವಾನಿ ಕೋಟೆ ಬೆಟ್ಟದ ಗ್ರಾನೈಟ್ ಸುಮಾರು 250 ಕೋಟಿ ವರ್ಷ ಹಳೆಯದು. ಡೈನೋಸಾರುಗಳು ಹುಟ್ಟುವ ಹೊತ್ತಿಗೇ ಅದು ಮುದಿಕಲ್ಲು. ಎಲುಬು ಉಳಿಯೋದು ಹೊಳೆಯ ಮಣ್ಣು, ಮರಳು ಪದರಪದರವಾಗಿ ಗಟ್ಟಿಯಾದ ಕಡೆ. ಗೋದಾವರಿ ಸೀಮೆಯಲ್ಲಿ, ಆಗಿನ ಅದಿಲಾಬಾದ್ ಜಿಲ್ಲೆಯ ಯಾಮನಪಲ್ಲಿ ಹತ್ತಿರ ಹಾಗೇ ಸಿಕ್ಕವು. 1988ರಲ್ಲಿ ಪಿ. ಯಾದಗಿರಿ ಅದಕ್ಕೆ ಕೋಟಾಸಾರಸ್ ಎಂದು ಹೆಸರಿಟ್ಟರು. ಸುಮಾರು 9 ಮೀಟರ್ ಉದ್ದದ ಈ ಸೊಪ್ಪು ತಿನ್ನುವ ಪ್ರಾಣಿಯೇ ಹೈದರಾಬಾದಿನಲ್ಲಿ ನಿಂತಿರೋದು. ಕಲಬುರಗಿ, ವಿಜಯಪುರದ ಕರಿಕಲ್ಲಿಗೂ ಈ ಕಥೆಯ ನಂಟಿದೆ. ಡೈನೋಸಾರುಗಳು ಅಳಿದ ಸುಮಾರು 6.6 ಕೋಟಿ ವರ್ಷದ ಹಿಂದೆಯೇ ಆ ಲಾವಾ ಹರಿದದ್ದು.

ಫಲಕ ಎರಡು ಭಾಷೆಯಲ್ಲಿರಲಿ

1953ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಆಂಧ್ರಕ್ಕೆ ಸೇರಿದ ಸೀಮೆ ಇದು. ಇಲ್ಲಿ ಕನ್ನಡ ಮಾಧ್ಯಮದ ಶಾಲೆಗಳೂ ಇವೆ, ತೆಲುಗಿನವೂ ಇವೆ. ತೆಲುಗಿನಲ್ಲಿ ಡೈನೋಸಾರಿಗೆ 'ರಾಕ್ಷಸ ಬಲ್ಲಿ' ಅಂತಾರೆ. ಅವರ ಬಲ್ಲಿ, ನಮ್ಮ ಹಲ್ಲಿ. ಇಲ್ಲಿನ ಮಕ್ಕಳಿಗೆ ಎರಡೂ ಗೊತ್ತು. ಅಸಲಿಗೆ ಅದು ಹಲ್ಲಿಯಲ್ಲ, ಅಂಗಳದ ಕೋಳಿಯೇ ಅದರ ಹತ್ತಿರದ ಸಂಬಂಧಿ ಎಂಬುದನ್ನೂ ಎರಡೂ ಭಾಷೆಯಲ್ಲಿ ಬರೆದರೆ ಯಾವ ಮಗುವೂ ಹೊರಗುಳಿಯಲ್ಲ.

ಇನ್ನೊಂದು ಮಾತು. ಕೋಸಿಗಿ, ಕೌತಾಳಂ ಕಡೆಯ ಎಷ್ಟೋ ಕುಟುಂಬಗಳು ಮೆಣಸಿನಕಾಯಿ ಕೀಳೋಕೆ ಗುಂಟೂರಿಗೆ ಗುಳೆ ಹೋಗುತ್ತವೆ, ಮಕ್ಕಳೂ ಜೊತೆಗೆ. ಗುಳೆ ಶುರುವಾದ ಮೇಲೆ ಬಸ್ಸು ಬಂದರೆ ನೋಡಬೇಕಾದವರೇ ಊರಲ್ಲಿರಲ್ಲ. ಬಸ್ಸಿಗೆ ಬೇಕಾದ್ದು ಶಾಲೆಯ ಮೈದಾನ, ಕರೆಂಟು, ಸಿಬ್ಬಂದಿಗೆ ಊಟ, ವಸತಿ. ಹತ್ತಿ ಮಾರ್ಕೆಟಿನ ವರ್ತಕರು, ರೈತ ಮುಖಂಡರು, ಮುಖ್ಯೋಪಾಧ್ಯಾಯರು ಕೂಡಿ ಬೆಂಗಳೂರಿಗೂ ಹೈದರಾಬಾದಿಗೂ ಒಂದೊಂದು ಅರ್ಜಿ ಹಾಕಲಿ. ಗಡಿ ನಮಗೆ ಇರಬಹುದು, ಡೈನೋಸಾರಿಗೆ ಇರಲಿಲ್ಲ.